ಸಂದೇಶ ಬಂದ ದಾರಿ, ನಾವು ಹೋಗಬೇಕಾದ ದಾರಿ

(ಚಿತ್ರದುರ್ಗದಲ್ಲಿ ಹಿರಿಯ ನಾಗರಿಕರು, ರೈತರು, ವ್ಯಾಪಾರಸ್ಥರು ಮತ್ತು ಸ್ವಸಹಾಯ ಸಂಘಗಳ ಸದಸ್ಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಸಭೆಯಲ್ಲಿರುವ ಹಿರಿಯರಿಗೂ ತಾಯಂದಿರಿಗೂ ವ್ಯಾಪಾರಸ್ಥ ಬಂಧುಗಳಿಗೂ ನಮಸ್ಕಾರಗಳು.

ನಮ್ಮ ಫೋನುಗಳಿಗೆ ದಿನವೂ ಬಂದು ಬೀಳುವ ಬೇಡದ ಸಂದೇಶಗಳನ್ನು ನಾವೆಲ್ಲ ಒಂದೇ ರಾಶಿಗೆ ಹಾಕಿ, ಬೈದು, ಅಳಿಸಿ ಸುಮ್ಮನಾಗುತ್ತೇವೆ. ಆದರೆ ಆ ರಾಶಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಬಗೆಯ ಸಂದೇಶಗಳಿವೆ. ಮೊದಲನೆಯದು ಜಾಹೀರಾತು, ನಿವೇಶನ ಮಾರುವವರು, ಸಾಲ ಕೊಡುವವರು, ಕೋಚಿಂಗ್ ಕೇಂದ್ರದವರು, ಚಿನ್ನದ ಅಂಗಡಿಯವರು ಕಳಿಸುವಂಥದ್ದು. ಅದನ್ನು ಕಳಿಸಿದವರಿಗೆ ಹೆಸರಿದೆ, ವಿಳಾಸವಿದೆ, ನೀವು ಅವರ ಗಿರಾಕಿಯಾಗಬೇಕೆಂಬ ಆಸೆಯಿದೆ. ಎರಡನೆಯದು ವಂಚನೆಯ ಸಂದೇಶ. ಅದನ್ನು ಕಳಿಸಿದವನು ತನ್ನ ಹೆಸರನ್ನು ಮುಚ್ಚಿಟ್ಟು ನಿಮ್ಮ ಬ್ಯಾಂಕಿನ ಹೆಸರನ್ನೋ ಬೆಸ್ಕಾಂ ಹೆಸರನ್ನೋ ಸಾರಿಗೆ ಇಲಾಖೆಯ ಹೆಸರನ್ನೋ ಹೊದ್ದುಕೊಂಡು ಬಂದಿರುತ್ತಾನೆ. ಮೊದಲನೆಯದನ್ನು ತಡೆಯಲು ಕಾನೂನಿದೆ, ಸಾಕಷ್ಟು ಚೆನ್ನಾಗಿಯೇ ಇದೆ. ಎರಡನೆಯದನ್ನು ಕಾನೂನು ಪೂರ್ತಿಯಾಗಿ ತಡೆಯಲಾರದು, ಏಕೆಂದರೆ ಅದನ್ನು ಕಳಿಸುವವನು ಯಾವ ಕಚೇರಿಯಲ್ಲೂ ನೋಂದಾಯಿಸಿಕೊಂಡವನಲ್ಲ. ‘ಡಿಎನ್‌ಡಿ ಎಂಬ ಜಾಹೀರಾತು ತಡೆ ಹಾಕಿಸಿದ್ದೇನೆ, ಆದರೂ ಮೋಸದ ಮೆಸೇಜ್ ನಿಂತಿಲ್ಲ’ ಎಂದು ಅನೇಕರು ಬೇಸರಪಡುವುದು ಈ ವ್ಯತ್ಯಾಸ ತಿಳಿಯದಿರುವುದರಿಂದ.

ಜಾಹೀರಾತಿನ ವಿಷಯವನ್ನು ಮೊದಲು ಬೇಗ ಮುಗಿಸಿಬಿಡೋಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2007ರಿಂದಲೇ ‘ಕರೆ ಮಾಡಬೇಡಿ’ ಎಂಬ ರಾಷ್ಟ್ರೀಯ ಪಟ್ಟಿಯನ್ನು ನಡೆಸಿಕೊಂಡು ಬಂದಿದೆ. ಈಗ ಜಾರಿಯಲ್ಲಿರುವುದು 2018ರ ನಿಯಮಾವಳಿ. ನಿಮ್ಮ ಫೋನಿನಿಂದ 1909ಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ ಕಳಿಸಿದರೆ ಎಲ್ಲ ಜಾಹೀರಾತುಗಳಿಗೂ ತಡೆ ಬೀಳುತ್ತದೆ. ಎಲ್ಲವೂ ಬೇಡವೆಂದಲ್ಲ, ಕೆಲವು ಮಾತ್ರ ಬೇಡ ಎನ್ನುವವರಿಗೆ ಬ್ಯಾಂಕಿಂಗ್, ನಿವೇಶನ, ಶಿಕ್ಷಣ, ಆರೋಗ್ಯ ಎಂಬಂತೆ ವರ್ಗಗಳನ್ನು ಮಾಡಿದ್ದಾರೆ. ತಡೆ ಹಾಕಿದ ಮೇಲೂ ಬಂದರೆ ಅದೇ 1909ಕ್ಕೆ ದೂರು ಕೊಡಬಹುದು, ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲೂ ಕೊಡಬಹುದು. 2025ರ ಫೆಬ್ರವರಿಯಲ್ಲಿ ಆದ ತಿದ್ದುಪಡಿ ಈ ದೂರಿಗೆ ನಿಜವಾದ ತೂಕ ಕೊಟ್ಟಿತು. ಅದಕ್ಕೆ ಮೊದಲು ದೂರು ಕೊಡಲು 3 ದಿನ ಮಾತ್ರ ಅವಕಾಶವಿತ್ತು, ಈಗ 7 ದಿನ. ಮೊದಲು ನೋಂದಣಿಯಿಲ್ಲದೆ ಜಾಹೀರಾತು ಕಳಿಸಿದ ನಂಬರಿನ ಮೇಲೆ ಕ್ರಮ ಕೈಗೊಳ್ಳಲು 7 ದಿನಗಳಲ್ಲಿ 10 ದೂರುಗಳು ಬರಬೇಕಿತ್ತು, ಈಗ 10 ದಿನಗಳಲ್ಲಿ 5 ಬಂದರೆ ಸಾಕು. ಆದ್ದರಿಂದ ನಾನೊಬ್ಬ ದೂರು ಕೊಟ್ಟರೆ ಏನಾದೀತು ಎನ್ನುವ ಮಾತಿಗೆ ಈಗ ಮೊದಲಿನಷ್ಟು ಆಧಾರವಿಲ್ಲ; ಈ ಸಭಾಂಗಣದ ಒಂದು ಸಾಲಿನವರು ಮನಸ್ಸು ಮಾಡಿದರೆ ಸಾಕಾಗುತ್ತದೆ.

ಇನ್ನು ಕಳಿಸಿದವರ ಹೆಸರಿನ ವಿಚಾರ. ಬ್ಯಾಂಕಿನಿಂದ ಬಂದ ನಿಜವಾದ ಎಸ್‌ಎಂಎಸ್ ತೆಗೆದು ನೋಡಿದರೆ ಮೇಲ್ಭಾಗದಲ್ಲಿ ಹತ್ತಂಕಿಯ ನಂಬರ್ ಇರುವುದಿಲ್ಲ. ಎರಡು ಇಂಗ್ಲಿಷ್ ಅಕ್ಷರ, ಒಂದು ಅಡ್ಡಗೆರೆ, ಬಳಿಕ ಸಂಸ್ಥೆಯನ್ನು ಸೂಚಿಸುವ ಕಿರುಹೆಸರು ಇರುತ್ತದೆ. ಇದನ್ನು ಹೆಡರ್ ಎನ್ನುತ್ತಾರೆ. ಮೊದಲ ಅಕ್ಷರ ಅದನ್ನು ಸಾಗಿಸಿದ ದೂರವಾಣಿ ಕಂಪನಿಯದು, ಏರ್‌ಟೆಲ್ ಆದರೆ ಎ, ಜಿಯೋ ಆದರೆ ಜೆ, ಬಿಎಸ್‌ಎನ್‌ಎಲ್ ಆದರೆ ಬಿ. ಎರಡನೆಯ ಅಕ್ಷರ ಸೇವಾ ವಲಯದ್ದು, ದೆಹಲಿಗೆ ಡಿ, ಮುಂಬೈಗೆ ಎಂ, ನಮ್ಮ ಕರ್ನಾಟಕಕ್ಕೆ ಎಕ್ಸ್. 2025ರ ಮೇ ತಿಂಗಳಿನಿಂದ ಕೊನೆಯಲ್ಲಿ ಇನ್ನೊಂದು ಅಡ್ಡಗೆರೆ ಮತ್ತು ಒಂದಕ್ಷರ ಸೇರಿದೆ: ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆಗೆ ಸಂಬಂಧಿಸಿದ್ದು, ಟಿ ಇದ್ದರೆ ಒಟಿಪಿಯಂಥ ವ್ಯವಹಾರದ ಸಂದೇಶ, ಜಿ ಇದ್ದರೆ ಸರ್ಕಾರದ್ದು. ಓದುವ ಕನ್ನಡಕ ಬೇಕಾಗುವ ವಯಸ್ಸಿನವರು ಉಳಿದದ್ದನ್ನೆಲ್ಲ ಬಿಟ್ಟು ಈ ಕೊನೆಯ ಅಕ್ಷರವೊಂದನ್ನು ನೋಡುವ ಅಭ್ಯಾಸ ಮಾಡಿಕೊಂಡರೂ ಬಹಳ ಪ್ರಯೋಜನವಿದೆ. ಖಾತೆ ಬಂದ್ ಆಗುತ್ತದೆಂದು ಹೆದರಿಸುವ ಸಂದೇಶದ ತುದಿಯಲ್ಲಿ ಪಿ ಇದ್ದರೆ ಅಥವಾ ಅಕ್ಷರವೇ ಇಲ್ಲದೆ ಬರೀ ಹತ್ತಂಕಿಯ ನಂಬರಿದ್ದರೆ, ಅದು ಬ್ಯಾಂಕಿನದಲ್ಲ ಎಂದು ತಿಳಿದು ಮುಂದಕ್ಕೆ ಓದುವ ಅಗತ್ಯವೇ ಇಲ್ಲ.

ಈ ಹೆಡರ್‌ಗಳೂ ಅವುಗಳ ಅಡಿಯಲ್ಲಿ ಕಳಿಸುವ ಪಠ್ಯದ ಮಾದರಿಗಳೂ ದೂರವಾಣಿ ಕಂಪನಿಗಳು ನಡೆಸುವ ಒಂದು ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ದಾಖಲಾಗಿರಬೇಕು. ದಾಖಲಾದ ಮಾದರಿಗೆ ಹೊಂದದ ಸಂದೇಶವನ್ನು ಕಂಪನಿ ಮಧ್ಯದಲ್ಲೇ ತಡೆಯುತ್ತದೆ. 2021ರ ಮಾರ್ಚ್ 8ರಂದು ಈ ಜರಡಿಯನ್ನು ಮೊದಲ ಬಾರಿಗೆ ಬಿಗಿಯಾಗಿ ಹಿಡಿದಾಗ ದೇಶದಾದ್ಯಂತ ಬ್ಯಾಂಕುಗಳ ಒಟಿಪಿಗಳೇ ಬಾರದೆ ವ್ಯವಹಾರಗಳು ನಿಂತವು, ಬ್ಯಾಂಕುಗಳು ತಮ್ಮ ಮಾದರಿಗಳನ್ನು ಸರಿಯಾಗಿ ನೋಂದಾಯಿಸಿರಲಿಲ್ಲ, ಟ್ರಾಯ್ ಕೆಲವು ದಿನ ಜರಡಿಯನ್ನು ಸಡಿಲಿಸಬೇಕಾಯಿತು. ಆ ದಿನಗಳಲ್ಲಿ ಬಹಳ ಮಂದಿ ಈ ವ್ಯವಸ್ಥೆಯನ್ನು ಬೈದರು. ದೂರಸಂಪರ್ಕ ಕ್ಷೇತ್ರದಲ್ಲಿ ದುಡಿದು ನಿವೃತ್ತನಾದ ನನ್ನ ಅಭಿಪ್ರಾಯದಲ್ಲಿ ಅದು ಸಹಿಸಬೇಕಾದ ನೋವಾಗಿತ್ತು. ಇಂದು ನಮ್ಮ ದೇಶದಲ್ಲಿ ಬ್ಯಾಂಕಿನ ಹೆಡರ್ ಅನ್ನು ನಕಲು ಮಾಡುವುದು ಮೊದಲಿನಷ್ಟು ಸುಲಭವಾಗಿಲ್ಲದಿರುವುದಕ್ಕೆ ಅದೇ ಕಾರಣ. 2024ರ ಅಕ್ಟೋಬರ್ 1ರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂದೇಶದೊಳಗೆ ಹಾಕುವ ಲಿಂಕ್‌ಗಳನ್ನೂ ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು, ಇಲ್ಲವಾದರೆ ಆ ಸಂದೇಶ ತಲುಪುವುದಿಲ್ಲ ಎಂಬ ನಿಯಮ ಬಂತು.

ಹಾಗಿದ್ದರೂ ಮೋಸ ನಿಂತಿಲ್ಲವೇಕೆ? ವಂಚಕರು ಜರಡಿ ಇಲ್ಲದ ದಾರಿಗಳಿಗೆ ಹೋದರು. ಸಾಮಾನ್ಯ ಹತ್ತಂಕಿಯ ಸಿಮ್‌ನಿಂದ ಕಳಿಸುವ ಎಸ್‌ಎಂಎಸ್ ಒಂದು ದಾರಿ. ವಾಟ್ಸಾಪ್ ಮತ್ತು ಟೆಲಿಗ್ರಾಂ ಇನ್ನೊಂದು ದಾರಿ. ಆಂಡ್ರಾಯ್ಡ್ ಫೋನುಗಳ ಮೆಸೇಜ್ ಆ್ಯಪ್‌ನಲ್ಲೇ, ಎಸ್‌ಎಂಎಸ್‌ಗಳ ನಡುವೆಯೇ ಬಂದು ಕೂರುವ ಆರ್‌ಸಿಎಸ್ ಎಂಬ ಸಂದೇಶಗಳು ಮೂರನೆಯ ದಾರಿ. ಅವು ಅಂತರ್ಜಾಲದ ಮೂಲಕ ಬರುವುದರಿಂದ ಎಸ್‌ಎಂಎಸ್‌ನ ಜರಡಿ ಅವುಗಳಿಗೆ ತಗುಲುವುದಿಲ್ಲ. 2022ರಲ್ಲಿ ಈ ಮಾರ್ಗದಲ್ಲಿ ಜಾಹೀರಾತುಗಳ ಹಾವಳಿ ಎಷ್ಟಾಯಿತೆಂದರೆ ಗೂಗಲ್ ಕಂಪನಿಯೇ ಭಾರತದಲ್ಲಿ ಅವುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಇವೆಲ್ಲದರ ಜೊತೆಗೆ, ಹಳೆಯ 2ಜಿ ಜಾಲದ ಮೂಲ ರಚನೆಯಲ್ಲೇ ಒಂದು ದೌರ್ಬಲ್ಯವಿದೆ: ಆ ಜಾಲದಲ್ಲಿ ಟವರ್ ಫೋನನ್ನು ಪರೀಕ್ಷಿಸುತ್ತದೆ, ಫೋನ್ ಮಾತ್ರ ಟವರನ್ನು ಪರೀಕ್ಷಿಸುವುದಿಲ್ಲ. ಹೀಗಾಗಿ ಕಾರಿನಲ್ಲಿಟ್ಟು ಒಯ್ಯಬಹುದಾದ ನಕಲಿ ಟವರ್‌ಗಳಿಂದ ಸುತ್ತಲಿನ ಫೋನುಗಳಿಗೆ ಯಾವ ಹೆಸರಿನಲ್ಲಾದರೂ ಸಂದೇಶ ಕಳಿಸಿದ ಪ್ರಕರಣಗಳು ಹಲವು ದೇಶಗಳಲ್ಲಿ ಸಿಕ್ಕಿವೆ. ಹೊಸ ಆಂಡ್ರಾಯ್ಡ್ ಫೋನುಗಳ ಪೈಕಿ ಹಲವಕ್ಕೆ ಸಿಮ್ ಸೆಟ್ಟಿಂಗ್‌ನಲ್ಲಿ 2ಜಿಯನ್ನು ಆಫ್ ಮಾಡುವ ಆಯ್ಕೆಯಿದೆ. ಪಟ್ಟಣದಲ್ಲಿರುವವರು ಹಾಗೆ ಮಾಡಬಹುದು, ಆದರೆ ಸಿಗ್ನಲ್ಲೇ ಅಪರೂಪವಾದ ಹಳ್ಳಿಗಳಲ್ಲಿ ಇರುವವರು ತಮ್ಮ ಊರಿನ ಪರಿಸ್ಥಿತಿ ನೋಡಿಕೊಂಡು ತೀರ್ಮಾನಿಸಬೇಕು.

ಇಷ್ಟು ಹೇಳಿದ್ದರಿಂದ ಹೊರಡುವ ಅರ್ಥ ಒಂದೇ. ಕಳಿಸಿದವರ ಹೆಸರು ನೋಡಿ ಸುಳ್ಳನ್ನು ಗುರುತಿಸಬಹುದು, ಆದರೆ ಹೆಸರು ನೋಡಿ ಮಾತ್ರ ನಿಜವೆಂದು ನಂಬಲಾಗದು. ಹಾಗಾದರೆ ನಂಬಿಕೆಯನ್ನು ಯಾವುದರ ಮೇಲೆ ಇಡಬೇಕು ಎಂದರೆ, ದಾರಿಯ ಮೇಲೆ. ಸಂದೇಶ ಒಂದು ವಿಷಯವನ್ನು ತಿಳಿಸುತ್ತದೆ, ಜೊತೆಗೆ ಒಂದು ದಾರಿಯನ್ನೂ ತೋರಿಸುತ್ತದೆ: ಈ ಲಿಂಕ್ ಒತ್ತಿ, ಈ ನಂಬರಿಗೆ ಕರೆ ಮಾಡಿ, ಈ ಫೈಲ್ ತೆರೆಯಿರಿ. ವಿಷಯವನ್ನು ಬೇಕಾದರೆ ಗಮನಕ್ಕೆ ತೆಗೆದುಕೊಳ್ಳಿ, ದಾರಿಯನ್ನು ಮಾತ್ರ ತೆಗೆದುಕೊಳ್ಳಬೇಡಿ. ವಿಷಯ ನಿಜವೇ ಆಗಿದ್ದರೆ ಅದು ನಿಮಗೆ ಮೊದಲಿನಿಂದ ಗೊತ್ತಿರುವ ದಾರಿಯಲ್ಲಿ ಹೋದಾಗಲೂ ಸಿಗಬೇಕು. ಪಾಸ್‌ಬುಕ್‌ನ ಹಿಂದೆ ಅಚ್ಚಾದ ನಂಬರಿನಲ್ಲಿ, ಡೆಬಿಟ್ ಕಾರ್ಡಿನ ಹಿಂಬದಿಯ ನಂಬರಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ.

ಇದಕ್ಕೆ ಸಮಯ ಬೇಕು, ಆ ಸಮಯವನ್ನೇ ವಂಚಕ ಕೊಡುವುದಿಲ್ಲ. ನಮ್ಮ ಊರಿನ ಕೋಟೆಯನ್ನು ಹತ್ತಿದವರೆಲ್ಲ ಗಮನಿಸಿರುತ್ತೀರಿ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ದಾರಿ ನೇರವಾಗಿ ಹೋಗುವುದಿಲ್ಲ. ತಿರುಗಿ, ಮತ್ತೆ ತಿರುಗಿ ಹೋಗಬೇಕು, ಆನೆಯಾಗಲಿ ಮರದ ದಿಮ್ಮಿಯಾಗಲಿ ಓಡಿಬಂದು ಬಾಗಿಲಿಗೆ ಗುದ್ದುವಷ್ಟು ಉದ್ದದ ಜಾಗವೇ ಅಲ್ಲಿ ಸಿಗುವುದಿಲ್ಲ. ದುರ್ಗದಲ್ಲಿ ರಕ್ಷಣೆಯ ಮಾತೆತ್ತಿದವರು ಓಬವ್ವನ ಕಿಂಡಿಯನ್ನು ನೆನೆಯುವುದು ವಾಡಿಕೆ, ಆದರೆ ನಾನು ನಿಮ್ಮ ಗಮನವನ್ನು ಆ ತಿರುವುಗಳ ಕಡೆಗೆ ಸೆಳೆಯಲು ಇಷ್ಟಪಡುತ್ತೇನೆ. ವೇಗವನ್ನು ಮುರಿಯುವುದೇ ಅವುಗಳ ಕೆಲಸವಾಗಿತ್ತು. ‘ಇಂದು ರಾತ್ರಿ 9.30ಕ್ಕೆ’, ‘ಇನ್ನು 2 ಗಂಟೆಯೊಳಗೆ’, ‘ತಕ್ಷಣ’ ಎಂಬ ಮಾತುಗಳನ್ನು ಸಂದೇಶದಿಂದ ತೆಗೆದುಹಾಕಿ ಓದಿ ನೋಡಿದರೆ, ಉಳಿದದ್ದರಲ್ಲಿ ನಾಳೆ ಬೆಳಗ್ಗೆ ವಿಚಾರಿಸಿದರೆ ಆಗದಂಥದ್ದು ಏನೂ ಇರುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಲವು ಸಂದೇಶಗಳನ್ನು ಈಗ ನೋಡೋಣ. ರಾತ್ರಿ ಕರೆಂಟ್ ಕಟ್ ಮಾಡುತ್ತೇವೆ, ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಈ ‘ಎಲೆಕ್ಟ್ರಿಸಿಟಿ ಆಫೀಸರ್’ ನಂಬರಿಗೆ ಕರೆ ಮಾಡಿ ಎಂಬುದು ಹಳೆಯದು, ಆದರೂ ಇನ್ನೂ ಸವೆದಿಲ್ಲ. ಚಿತ್ರದುರ್ಗ ಮತ್ತು ದಾವಣಗೆರೆ ಎರಡೂ ಬೆಸ್ಕಾಂ ವ್ಯಾಪ್ತಿಯಲ್ಲಿವೆ. ಆ ಸಂದೇಶದಲ್ಲಿ ನಿಮ್ಮ ಆರ್.ಆರ್. ನಂಬರ್ ಇರುವುದಿಲ್ಲ, ಉಪವಿಭಾಗದ ಹೆಸರೂ ಇರುವುದಿಲ್ಲ, ಏಕೆಂದರೆ ಅದು ಕಳಿಸಿದವನಿಗೆ ಗೊತ್ತಿಲ್ಲ. ಅದೇ ಪಠ್ಯ ಬಿಹಾರಕ್ಕೂ ಹೋಗಿರುತ್ತದೆ, ಮಹಾರಾಷ್ಟ್ರಕ್ಕೂ ಹೋಗಿರುತ್ತದೆ. ಸಂಶಯವಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ಕೇಳಬಹುದು.

ಪಿಎಂ ಕಿಸಾನ್ ಕಂತು ಅಥವಾ ಗೃಹಲಕ್ಷ್ಮಿ ಹಣ ತಡವಾದಾಗ ಬರುವ ಸಂದೇಶಗಳು ಇವಕ್ಕಿಂತ ಅಪಾಯಕಾರಿ, ಏಕೆಂದರೆ ಅವು ಬರುವಾಗ ನಾವು ನಿಜವಾಗಿಯೂ ಆ ಹಣಕ್ಕಾಗಿ ಕಾಯುತ್ತಿರುತ್ತೇವೆ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣ 2,000ದಂತೆ ಮೂರು ಕಂತಿನಲ್ಲಿ ಬರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳಿಗೊಮ್ಮೆ ಬರಬೇಕು. ಕಂತು ನಿಂತಾಗ ‘ಇ-ಕೆವೈಸಿ ಬಾಕಿ ಇದೆ, ಈ ಫೈಲ್ ಇನ್‌ಸ್ಟಾಲ್ ಮಾಡಿ’ ಎಂದು ವಾಟ್ಸಾಪ್‌ನಲ್ಲಿ ಬಂದರೆ ಯಾರಿಗಾದರೂ ಹೌದೆನಿಸುತ್ತದೆ. ಇ-ಕೆವೈಸಿ ಎಂಬುದು ನಿಜವಾಗಿಯೂ ಇದೆ, ಆದರೆ ಅದನ್ನು ಮಾಡುವ ಜಾಗ ಪಿಎಂ ಕಿಸಾನ್‌ನ ಅಧಿಕೃತ ಪೋರ್ಟಲ್, ಅದರ ಅಧಿಕೃತ ಆ್ಯಪ್ ಅಥವಾ ಸಾಮಾನ್ಯ ಸೇವಾ ಕೇಂದ್ರ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲು ದುಡ್ಡು ಬೇಕಾಗಿಲ್ಲ.

ಈಗ ಫೈಲ್ ಇನ್‌ಸ್ಟಾಲ್ ಮಾಡುವ ವಿಷಯಕ್ಕೆ ಬರೋಣ, ಏಕೆಂದರೆ ಇಂದಿನ ಉಪನ್ಯಾಸದಲ್ಲಿ ನೀವು ಒಂದನ್ನಷ್ಟೇ ನೆನಪಿಟ್ಟುಕೊಳ್ಳುವುದಾದರೆ ಇದು ಇರಲಿ. ‘ಆರ್‌ಟಿಒ ಚಲನ್’, ‘ಮದುವೆ ಆಮಂತ್ರಣ’, ‘ಪಿಎಂ ಕಿಸಾನ್ ಪಟ್ಟಿ’ ಎಂಬ ಹೆಸರಿನ ಫೈಲ್ ವಾಟ್ಸಾಪ್‌ಗೆ ಬರುತ್ತದೆ. ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಎಪಿಕೆ ಎಂದರೆ ಓದುವ ಕಾಗದವಲ್ಲ, ಅದು ಒಂದು ಆ್ಯಪ್. ಚಲನ್ ಆಗಲಿ ಆಮಂತ್ರಣವಾಗಲಿ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಅದನ್ನು ಓದಲು ಆ್ಯಪ್ ಹಾಕಿಕೊಳ್ಳಬೇಕಾದ ಕಾರಣ ಪ್ರಪಂಚದಲ್ಲಿ ಇಲ್ಲ. ಒತ್ತಿದ ಕೂಡಲೇ ಫೋನ್ ಎಚ್ಚರಿಸುತ್ತದೆ, ಇದು ಅಪರಿಚಿತ ಮೂಲದ ಆ್ಯಪ್ ಎಂದು; ಅಲ್ಲಿ ‘ಸೆಟ್ಟಿಂಗ್ಸ್’ಗೆ ಹೋಗಿ ಅನುಮತಿ ಕೊಟ್ಟರೆ ಆ್ಯಪ್ ಒಳಗೆ ಬಂದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಅದನ್ನೂ ಕೊಟ್ಟರೆ ಅಲ್ಲಿಂದ ಮುಂದೆ ನಿಮ್ಮ ಫೋನಿಗೆ ಬರುವ ಪ್ರತಿಯೊಂದು ಒಟಿಪಿಯೂ ನಿಮಗೆ ಕಾಣುವ ಹೊತ್ತಿಗೆ ಅವನಿಗೂ ತಲುಪಿರುತ್ತದೆ. ‘ನಾನು ಯಾರಿಗೂ ಒಟಿಪಿ ಹೇಳಿಲ್ಲ, ಆದರೂ ದುಡ್ಡು ಹೋಯಿತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಪರವಾಗಿ ಅವರ ಫೋನೇ ಹೇಳಿರುತ್ತದೆ. ಕೆಲವು ಆ್ಯಪ್‌ಗಳು ತಮ್ಮ ಐಕಾನನ್ನು ಅಡಗಿಸಿಕೊಳ್ಳುತ್ತವೆ. ವಾಟ್ಸಾಪ್ ಖಾತೆಯೂ ವಂಚಕನ ಕೈಗೆ ಹೋದರೆ ಅದೇ ಫೈಲ್ ನಿಮ್ಮ ಹೆಸರಿನಲ್ಲಿ ನಿಮ್ಮ ನೆಂಟರಿಗೂ ಸಂಘದ ಗುಂಪಿಗೂ ಹೋಗುತ್ತದೆ. ಆದ್ದರಿಂದ ಗೊತ್ತಿರುವವರ ನಂಬರಿನಿಂದ ಬಂದಿದೆ ಎಂಬುದು ಎಪಿಕೆ ವಿಷಯದಲ್ಲಿ ಧೈರ್ಯಕ್ಕೆ ಕಾರಣವಾಗಬಾರದು. ಕಳಿಸಿದ ಅಣ್ಣನಿಗೋ ಅಕ್ಕನಿಗೋ ಕರೆ ಮಾಡಿ, ನೀವೇ ಕಳಿಸಿದ್ದಾ ಎಂದು ಕೇಳಿ.

ಒತ್ತಿಬಿಟ್ಟಿದ್ದರೆ ಮೊದಲು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಬೇಕು, ವೈಫೈ ಇದ್ದರೆ ಅದನ್ನೂ ಆರಿಸಬೇಕು. ಮನೆಯವರ ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆ, ಕಾರ್ಡ್, ಯುಪಿಐ ಮೂರನ್ನೂ ತಡೆಹಿಡಿಸಬೇಕು. ಆಮೇಲೆ ಫೋನಿನ ವಿಷಯ ಗೊತ್ತಿರುವವರ ಕೈಯಲ್ಲಿ ಆ ಆ್ಯಪ್ ತೆಗೆಸಬೇಕು. ಫೋಟೋಗಳನ್ನು ಬೇರೆಡೆ ಉಳಿಸಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸುವುದು ನನಗೆ ಹೆಚ್ಚು ಸುರಕ್ಷಿತವೆನಿಸುತ್ತದೆ.

ದಾವಣಗೆರೆಯ ಬಟ್ಟೆ ವ್ಯಾಪಾರಸ್ಥರೂ ಭೀಮಸಮುದ್ರದ ಕಡೆಯ ಅಡಿಕೆ ವ್ಯಾಪಾರಸ್ಥರೂ ಇಲ್ಲಿ ಇರುವುದರಿಂದ ಇನ್ನೊಂದು ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾರೋ ಕರೆ ಮಾಡಿ ಸಾಮಾನಿಗೆ ಮುಂಗಡ ಕಳಿಸುತ್ತೇನೆ ಎನ್ನುತ್ತಾರೆ. ಕ್ಷಣದಲ್ಲೇ ‘ನಿಮ್ಮ ಖಾತೆಗೆ 50,000 ರೂಪಾಯಿ ಜಮೆಯಾಗಿದೆ’ ಎಂಬ ಎಸ್‌ಎಂಎಸ್ ಬರುತ್ತದೆ. ಬೆನ್ನಿಗೇ ಗಾಬರಿಯ ದನಿಯಲ್ಲಿ ಇನ್ನೊಂದು ಕರೆ: ‘ಸಾಹುಕಾರ್ರೇ, 5,000 ಹಾಕೋ ಕಡೆ ಒಂದು ಸೊನ್ನೆ ಜಾಸ್ತಿ ಆಗಿಬಿಡ್ತು, 45,000 ವಾಪಸ್ ಹಾಕಿಬಿಡಿ.’ ಇಲ್ಲಿ ಬಳಕೆಯಾಗುವುದು ನಮ್ಮ ಆಸೆಯಲ್ಲ, ನಮ್ಮ ಪ್ರಾಮಾಣಿಕತೆ; ಇನ್ನೊಬ್ಬರ ದುಡ್ಡು ನಮಗೇಕೆ ಎಂದು ಕೂಡಲೇ ವಾಪಸ್ ಕಳಿಸುವವರೇ ಮೋಸಹೋಗುತ್ತಾರೆ. ಜಮೆಯ ಸಂದೇಶ ಹತ್ತಂಕಿಯ ಸಾಮಾನ್ಯ ನಂಬರಿನಿಂದ ಬಂದಿರುತ್ತದೆ, ಅದನ್ನು ಕಳಿಸಿದವನು ಕರೆ ಮಾಡಿದವನೇ. ಹಣ ಬಂದಿದೆಯೇ ಎಂಬುದನ್ನು ಎಸ್‌ಎಂಎಸ್ ನೋಡಿ ತೀರ್ಮಾನಿಸದೆ ಬ್ಯಾಂಕ್ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿ ಅಥವಾ ಶಾಖೆಗೆ ಕೇಳಿ ತಿಳಿಯಬೇಕು. ನಿಜವಾಗಿಯೂ ತಪ್ಪಾಗಿ ಬಂದಿದ್ದರೂ ನೀವಾಗಿ ಬೇರೊಂದು ಖಾತೆಗೆ ಹಾಕಬೇಡಿ. ಅವರ ಬ್ಯಾಂಕಿಗೆ ದೂರು ಕೊಡಲು ಹೇಳಿ, ನಿಮ್ಮ ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ.

ಇದಕ್ಕೆ ಹೊಂದಿಕೊಂಡ ಮಾತು ಯುಪಿಐ ಪಿನ್‌ನದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೋರಿಕೆ’ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ, ಅದರಿಂದ ಒಂದು ಬಾಗಿಲು ಮುಚ್ಚಿತು. ಕ್ಯೂಆರ್ ಕೋಡ್ ಕಳಿಸಿ ‘ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎನ್ನುವವರು ಮಾತ್ರ ಇನ್ನೂ ಇದ್ದಾರೆ.

ಒಟಿಪಿ ಸಂದೇಶವನ್ನು ನಾವು ಓದುವ ರೀತಿಯೇ ಸರಿಯಿಲ್ಲ ಎಂಬುದು ನನ್ನ ಬಹುಕಾಲದ ಆಕ್ಷೇಪ. ಆರು ಅಂಕಿಗಳನ್ನು ಮಾತ್ರ ಹೆಕ್ಕಿಕೊಂಡು ಉಳಿದ ವಾಕ್ಯವನ್ನು ಬಿಟ್ಟುಬಿಡುತ್ತೇವೆ. ಆದರೆ ಕಾರ್ಡ್ ವ್ಯವಹಾರದ ಒಟಿಪಿಯಲ್ಲಿ ಸಾಮಾನ್ಯವಾಗಿ ಎಷ್ಟು ರೂಪಾಯಿ, ಯಾರಿಗೆ ಎಂಬುದೂ ಇರುತ್ತದೆ. ‘ಪಾರ್ಸೆಲ್‌ನ ವಿಳಾಸ ಸರಿಪಡಿಸಲು 5 ರೂಪಾಯಿ’ ಎಂದು ಹೇಳಿಸಿಕೊಂಡವರು ಒಟಿಪಿಯ ಸಾಲನ್ನು ಪೂರ್ತಿ ಓದಿದ್ದರೆ ಅಲ್ಲಿ 5ರ ಬದಲು ಬೇರೆಯೇ ಮೊತ್ತ ಕಾಣುತ್ತಿತ್ತು. ಇಂಗ್ಲಿಷ್ ಓದಲು ಕಷ್ಟವಾದವರು ಅಂಕಿಗಳನ್ನಾದರೂ ಎಣಿಸಬಹುದು. ರೂಪಾಯಿಯ ಗುರುತಿನ ಪಕ್ಕದಲ್ಲಿರುವುದು ಎಷ್ಟು ಎಂದು ನೋಡಲು ಇಂಗ್ಲಿಷ್ ಬೇಕಿಲ್ಲ.

ಲಿಂಕ್ ಓದುವುದಕ್ಕೂ ಒಂದು ಕ್ರಮವಿದೆ. ವಿಳಾಸದ ಆರಂಭದಲ್ಲಿ ಬ್ಯಾಂಕಿನ ಹೆಸರು ಇದ್ದ ಮಾತ್ರಕ್ಕೆ ಅದು ಬ್ಯಾಂಕಿನದಾಗುವುದಿಲ್ಲ. ಮೊದಲು ಬರುವ ಎರಡು ಓರೆಗೆರೆಗಳನ್ನು ಬಿಟ್ಟು, ಆಮೇಲೆ ಸಿಗುವ ಮೊದಲ ಒಂಟಿ ಓರೆಗೆರೆಗೆ ಸ್ವಲ್ಪ ಹಿಂದೆ ಏನಿದೆ ಎಂದು ನೋಡಬೇಕು. ಅಲ್ಲಿರುವುದೇ ನಿಜವಾದ ಮನೆಯ ಹೆಸರು. ಕೇಂದ್ರ ಮತ್ತು ರಾಜ್ಯ ಸರ್ಕಾರದ ತಾಣಗಳು ಸಾಮಾನ್ಯವಾಗಿ ಡಾಟ್ ಗವ್ ಡಾಟ್ ಇನ್ ಎಂದು ಮುಗಿಯುತ್ತವೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಆ ಕೊನೆಯ ಪದಗಳನ್ನು ಬ್ಯಾಂಕುಗಳಲ್ಲದವರು ಪಡೆಯಲಾಗುವುದಿಲ್ಲ. ಇಷ್ಟೆಲ್ಲ ಲೆಕ್ಕ ಬೇಡವೆನ್ನುವವರಿಗೆ ಲಿಂಕ್ ಒತ್ತದಿರುವುದೇ ಸುಲಭ.

ಮಕ್ಕಳು ಕಾಲೇಜಿನಲ್ಲಿ ಓದುತ್ತಿರುವ ತಂದೆತಾಯಂದಿರಿಗೆ ಒಂದು ಮಾತು. ವಿಡಿಯೋಗಳಿಗೆ ಲೈಕ್ ಒತ್ತಿದರೆ ದುಡ್ಡು ಎನ್ನುವ ಪಾರ್ಟ್‌ಟೈಮ್ ಕೆಲಸದ ಸಂದೇಶಗಳು ಮೊದಲು ನೂರು ಇನ್ನೂರು ರೂಪಾಯಿ ನಿಜವಾಗಿಯೂ ಕೊಟ್ಟು, ಬಳಿಕ ಹೆಚ್ಚಿನ ಲಾಭಕ್ಕೆಂದು ಹಣ ಹಾಕಿಸಿಕೊಳ್ಳುತ್ತವೆ. ಅದಕ್ಕಿಂತ ಕೆಟ್ಟದ್ದು, ‘ನಿನ್ನ ಬ್ಯಾಂಕ್ ಖಾತೆ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕಮಿಷನ್’ ಎನ್ನುವ ಆಹ್ವಾನ. ಬೇರೆಡೆ ಕಳೆದುಕೊಂಡವರ ಹಣ ಹರಿದುಹೋಗುವುದು ಇಂಥ ಬಾಡಿಗೆ ಖಾತೆಗಳ ಮೂಲಕ. ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಯ ಮುಂದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ತೆಗೆಸಬಹುದು. ಹಣ ಕಳೆದುಕೊಳ್ಳದಿದ್ದರೂ ಸಂಶಯಾಸ್ಪದ ಕರೆ, ಎಸ್‌ಎಂಎಸ್, ವಾಟ್ಸಾಪ್ ಸಂದೇಶಗಳ ಬಗ್ಗೆ ವರದಿ ಮಾಡಲು ಅದರಲ್ಲೇ ಚಕ್ಷು ಎಂಬ ವಿಭಾಗವಿದೆ. 2024ರ ಮಾರ್ಚ್‌ನಲ್ಲಿ ಶುರುವಾಯಿತು.

ಹಣ ಹೋಗಿಯೇಬಿಟ್ಟರೆ 1930, ಸೈಬರ್ ವಂಚನೆಯ ದೂರಿಗಿರುವ ರಾಷ್ಟ್ರೀಯ ಸಹಾಯವಾಣಿ. ಬೇರೆ ಯಾರಿಗೂ ಫೋನ್ ಮಾಡುವ ಮೊದಲು ಈ ನಂಬರ್. ವಂಚಕನ ಕೈಗೆ ಹೋದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ; ಅದು ಎರಡನೆಯ, ಮೂರನೆಯ ಖಾತೆಗೆ ಹರಿದು ಕೊನೆಗೆ ಎಟಿಎಂನಿಂದ ನಗದಾಗುತ್ತದೆ. 1930ರಲ್ಲಿ ದಾಖಲಾದ ದೂರು ಸಂಬಂಧಪಟ್ಟ ಬ್ಯಾಂಕಿಗೆ ಹೋಗಿ, ಅಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯಲಾಗುತ್ತದೆ, ಮುಂದಕ್ಕೆ ಹೋಗಿದ್ದರೆ ಆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಾಗಾಗಿ ಮೊದಲ ಗಂಟೆಗೆ ಇರುವ ಬೆಲೆ ಮರುದಿನಕ್ಕೆ ಇಲ್ಲ. ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಸಂದೇಶವನ್ನು ನಾಚಿಕೆಯಿಂದ ಅಳಿಸಬೇಡಿ, ಅದೇ ಸಾಕ್ಷ್ಯ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರನ್ನು ಪೂರ್ಣಗೊಳಿಸಬೇಕು. ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದೇ ಸೆನ್ ಠಾಣೆಗಳಿವೆ.

ಬ್ಯಾಂಕಿಗೆ ತಿಳಿಸುವುದರಲ್ಲಿ ತಡ ಮಾಡಬಾರದೆಂಬುದಕ್ಕೆ ಇನ್ನೊಂದು ಕಾರಣವನ್ನು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಕೊಟ್ಟಿತು. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಆದ ಅನಧಿಕೃತ ವ್ಯವಹಾರವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ, 4ರಿಂದ 7 ದಿನಗಳೊಳಗಾದರೆ ಹೊಣೆಗೆ ಮಿತಿ ಇದೆ ಎಂಬುದು ಅದರ ಚೌಕಟ್ಟು. ಪಿನ್ ಅಥವಾ ಒಟಿಪಿಯನ್ನು ತಾನೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು. ಆದರೆ ಅದರ ಮುಂದಿನ ಸಾಲನ್ನು ಅನೇಕರು ಗಮನಿಸುವುದಿಲ್ಲ: ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಪ್ಪು ನಮ್ಮದೇ ಆಗಿದ್ದಾಗಲೂ ಬೇಗ ಬಾಯಿ ಬಿಡುವುದರಿಂದ ಲಾಭವಿದೆ ಎಂದು ಇದರ ಅರ್ಥ. ಮನೆಯಲ್ಲಿ ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟುಕೊಳ್ಳುವ ಹಿರಿಯರ ಬಗ್ಗೆ ಕೇಳಿದಾಗ ನನಗೆ ಕೋಪ ಬರುವುದು ಅವರ ಮೇಲಲ್ಲ, ಬೈಯುವ ಮನೆಯವರ ಮೇಲೆ.

ಸಭಿಕರ ಪ್ರಶ್ನೆಗಳಲ್ಲಿ ಮೊದಲನೆಯದು: ಸಂದೇಶವನ್ನು ತೆರೆದು ಓದಿದರೇ ಹಣ ಹೋಗುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಎಸ್‌ಎಂಎಸ್ ಓದುವುದರಿಂದ ಖಾತೆ ಖಾಲಿಯಾಗುವುದಿಲ್ಲ. ಲಿಂಕ್ ಒತ್ತಿ ವಿವರ ತುಂಬುವುದು, ಫೈಲ್ ಇನ್‌ಸ್ಟಾಲ್ ಮಾಡುವುದು, ಕರೆ ಮಾಡಿ ಅವರ ಮಾತಿನಂತೆ ನಡೆಯುವುದು ಅಪಾಯ. ಆದರೆ ಗುರುತಿಲ್ಲದ ನಂಬರಿಗೆ ‘ಯಾರು ನೀವು’ ಎಂದೋ ‘ಬೇಡ’ ಎಂದೋ ಉತ್ತರಿಸುವುದೂ ಒಳ್ಳೆಯದಲ್ಲ, ಈ ನಂಬರಿನ ಹಿಂದೆ ಓದುವವರು ಇದ್ದಾರೆ ಎಂದು ಅವರಿಗೆ ಖಾತ್ರಿಯಾಗುತ್ತದೆ. ಬ್ಲಾಕ್ ಮಾಡಿ, ಅಲ್ಲೇ ಸ್ಪ್ಯಾಮ್ ಎಂದು ವರದಿ ಮಾಡಿ.

ಎರಡನೆಯದು, ನಮ್ಮ ನಂಬರ್ ಅವರಿಗೆ ಹೇಗೆ ಸಿಗುತ್ತದೆ ಎಂಬುದು. ಅಂಗಡಿಯ ಬಿಲ್ಲಿಗೆ, ಜಾತ್ರೆಯ ಲಕ್ಕಿ ಡ್ರಾಗೆ, ಸಾಲದ ಆ್ಯಪ್‌ಗೆ ನಾವೇ ಕೊಟ್ಟಿರುತ್ತೇವೆ. ಅನೇಕ ಸಲ ಅದೂ ಬೇಕಿಲ್ಲ, ಒಂದರ ನಂತರ ಒಂದರಂತೆ ಅಂಕಿಗಳನ್ನು ಜೋಡಿಸಿ ಎಲ್ಲ ನಂಬರಿಗೂ ಕಳಿಸುತ್ತಾರೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರಬೇಕಾಗಿವೆ. ಅಲ್ಲಿಯವರೆಗೆ ಬಿಲ್ ಕೌಂಟರಿನಲ್ಲಿ ನಂಬರ್ ಕೇಳಿದಾಗ ಕೊಡುವುದಿಲ್ಲ ಎನ್ನಲು ಸಂಕೋಚಪಡಬೇಕಾಗಿಲ್ಲ.

ಕೊನೆಯ ಪ್ರಶ್ನೆ ಹೊಳಲ್ಕೆರೆ ಕಡೆಯ ಒಬ್ಬ ಹೆಣ್ಣುಮಗಳದು: ‘ನಮ್ಮವ್ವ ಕೀಪ್ಯಾಡ್ ಫೋನ್ ಇಟ್ಕೊಂಡವ್ರೆ, ಅವರಿಗೇನೂ ಆಗಲ್ಲ ಅಲ್ವಾ ಸಾರ್?’ ಎಪಿಕೆಯ ಭಯ ಅವರಿಗಿಲ್ಲ, ಅದು ದೊಡ್ಡ ಸಮಾಧಾನ. ಕರೆ ಮಾಡಿ ಒಟಿಪಿ ಕೇಳುವ ಭಯ, ಕಾರ್ಡಿನ ಹಿಂದಿನ ಮೂರಂಕಿ ಕೇಳುವ ಭಯ ಮಾತ್ರ ಇದ್ದೇ ಇದೆ. ಅವ್ವನ ಜೊತೆ ಬ್ಯಾಂಕಿಗೆ ಹೋಗಿ ಅವರ ಡೆಬಿಟ್ ಕಾರ್ಡಿನಲ್ಲಿ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರಗಳನ್ನು ಬಂದ್ ಮಾಡಿಸಿ, ಎಟಿಎಂನಿಂದ ದಿನಕ್ಕೆ ತೆಗೆಯುವ ಮಿತಿಯನ್ನು ಇಳಿಸಿ. ಇದನ್ನು ಮಾಡಿಕೊಡುವುದು 2020ರಿಂದ ಬ್ಯಾಂಕಿನ ಕರ್ತವ್ಯ. ಪಿಂಚಣಿ ಮತ್ತು ಗೃಹಲಕ್ಷ್ಮಿ ಬರುವ ಖಾತೆ ಒಂದಿರಲಿ, ಅಡಿಕೆ ಅಥವಾ ಮೆಕ್ಕೆಜೋಳದ ಹಣ ಇಡುವ ಖಾತೆ ಬೇರೆಯಾಗಿರಲಿ, ಆ ಎರಡನೆಯ ಖಾತೆಗೆ ಕಾರ್ಡೂ ಬೇಡ, ಯುಪಿಐಯೂ ಬೇಡ. ಆಧಾರ್‌ನ ಬೆರಳಚ್ಚನ್ನು ಬೇರೆಯವರು ಬಳಸದಂತೆ, ಆಧಾರ್ ಸಹಾಯವಾಣಿ 1947ಕ್ಕೆ ಕೇಳಿ ತಿಳಿದು ಲಾಕ್ ಮಾಡಿಸಬಹುದು, ಆದರೆ ಪಡಿತರಕ್ಕೆ ಬೆರಳು ಒತ್ತುವ ದಿನ ಅದನ್ನು ತೆರೆಯಲು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಆ ಒಂದನ್ನು ಬಿಟ್ಟು ಉಳಿದದ್ದನ್ನು ಮಾಡಿಸಿ.